ತೂಕ ಇಳಿಸಿದ್ದು ಡಯಟ್ ಅಲ್ಲ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಊರು ಶಿವಮೊಗ್ಗ, ಕೆಲಸ ಬೆಂಗಳೂರಿನಲ್ಲಿ. ಮೂರು ವರ್ಷದಿಂದ ಬ್ರೆಜಿಲಿಯನ್ ಜಿಯು-ಜಿತ್ಸು ಅನ್ನುವ ಕುಸ್ತಿ ಥರದ ಆಟ ಕಲಿಯುತ್ತಿದ್ದೇನೆ. ಹೋದ ವರ್ಷ ಬ್ಲೂ ಬೆಲ್ಟ್ ಸಿಕ್ಕಿತು. ಮೊದಲ ಸಲ ಟೂರ್ನಮೆಂಟ್‌ಗೆ ಇಳಿಯೋಣ ಅಂತ 58.5 ಕೆಜಿ ವಿಭಾಗಕ್ಕೆ ಡಯಟ್ ಶುರು ಮಾಡಿದೆ. ಎರಡು ತಿಂಗಳಲ್ಲಿ 63ರಿಂದ 55ಕ್ಕೆ ಇಳಿದೆ. ತುಂಬಾ ಖುಷಿಯಾಗಿತ್ತು. ಒಂದು ದಿನ ಕ್ಲಾಸಿನಲ್ಲಿ ತಲೆಸುತ್ತಿ ಕೂತೆ. ಟೆಸ್ಟ್ ಮಾಡಿಸಿದರೆ ಶುಗರ್ 412. ಟೈಪ್ 1 ಡಯಾಬಿಟಿಸ್ ಅಂತೆ. ಇನ್ಸುಲಿನ್ ಶುರುವಾಗಿ ನಾಲ್ಕು ವಾರ ಆಯಿತು, ತೂಕ ಮತ್ತೆ 60 ದಾಟಿದೆ. ಟೂರ್ನಮೆಂಟ್‌ಗೆ ಇನ್ನು ಏಳು ವಾರ. ಕೋಚ್‌ಗೆ ಹೇಳಿಲ್ಲ, ಹೇಳಿದರೆ ಬೇಡ ಅಂತಾರೆ ಅನ್ನುವ ಭಯ. ಅಮ್ಮ ಅಂತೂ ಕ್ಲಾಸಿಗೇ ಹೋಗಬೇಡ ಅಂತಿದ್ದಾರೆ. ಹಾಗಲಕಾಯಿ ರಸ ಕುಡಿದರೆ ಇಂಜೆಕ್ಷನ್ ಬಿಡಬಹುದು ಅಂತ ಅವರಿಗೆ ಯಾರೋ ಹೇಳಿದ್ದಾರೆ. ನಿಮಗೂ ಟೈಪ್ 1 ಇದೆ, ಆದರೂ ಆಡ್ತೀರಿ ಅಂತ ಇದೇ ಅಂಕಣದಲ್ಲಿ ಓದಿದ್ದೆ. ನಾನು ಆಡಬಹುದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಅಕ್ಕಾ ಅಂತ ಕರೆದಿದ್ದೀಯ, ನಾನೂ ನೀನು ಅಂತಲೇ ಬರೆಯುತ್ತೇನೆ.

ಮೊದಲು ಹಾಗಲಕಾಯಿ ವಿಷಯ ಮುಗಿಸೋಣ. ಗೊಜ್ಜು ಮಾಡಿಕೊಂಡು ತಿನ್ನು, ಪಲ್ಯ ಮಾಡಿಕೊಂಡು ತಿನ್ನು, ಇಷ್ಟ ಇದ್ದರೆ ರಸವನ್ನೂ ಕುಡಿ. ಇನ್ಸುಲಿನ್ ಮಾತ್ರ ಒಂದು ದಿನವೂ ಬಿಡಬೇಡ. ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಮ್ಮ ದೇಹವೇ ಶತ್ರು ಅಂದುಕೊಂಡು ಕೊಂದು ಹಾಕುತ್ತದೆ. ನಿಮ್ಮ ಬೀದಿಯ ಅಂಕಲ್‌ಗೆ ಇರುವ ಸಕ್ಕರೆ ಕಾಯಿಲೆ ಬೇರೆ, ನಮ್ಮದು ಬೇರೆ. 1922ರಲ್ಲಿ ಟೊರೊಂಟೊದಲ್ಲಿ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚುವ ತನಕ ಇದು ಬಂದವರು ಹೆಚ್ಚು ದಿನ ಬದುಕುತ್ತಿರಲಿಲ್ಲ. ಇದನ್ನು ನೀನು ಹೇಳಿದರೆ ಅಮ್ಮ ಕೇಳುವುದಿಲ್ಲ. ನಮ್ಮಮ್ಮನೂ ಕೇಳಲಿಲ್ಲ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗು, ಅವರ ಎದುರಿಗೇ ಹಾಗಲಕಾಯಿ ಪ್ರಶ್ನೆ ಕೇಳು.

ಈಗ ಆ 55 ಕೆಜಿ. ಅದನ್ನು ಓದಿ ನನಗೆ ಹೊಟ್ಟೆ ಚುರುಕ್ ಅಂತು. ಆ ಎರಡು ತಿಂಗಳು ನಿನಗೆ ವಿಪರೀತ ಬಾಯಾರಿಕೆ ಇತ್ತು ತಾನೆ? ರಾತ್ರಿ ಮೂರು ನಾಲ್ಕು ಸಲ ಬಾತ್‌ರೂಮಿಗೆ ಏಳುತ್ತಿದ್ದೆ ತಾನೆ? ನೀರು ಜಾಸ್ತಿ ಕುಡಿಯುತ್ತಿದ್ದೇನೆ, ಒಳ್ಳೆಯದೇ ಅಂದುಕೊಂಡಿರುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಇನ್ಸುಲಿನ್ ಇಲ್ಲದೆ ಸಕ್ಕರೆ ಜೀವಕೋಶದ ಒಳಗೆ ಹೋಗದೆ ಮೂತ್ರದಲ್ಲಿ ಹರಿದು ಹೋಗುತ್ತಿತ್ತು. ಹಸಿದ ದೇಹ ಕೊಬ್ಬನ್ನೂ ಮಾಂಸಖಂಡವನ್ನೂ ಸುಟ್ಟುಕೊಳ್ಳುತ್ತಿತ್ತು. ನೀನು ಡಯಟ್‌ಗೆ ಕೊಟ್ಟ ಮಾರ್ಕ್ಸ್ ಎಲ್ಲ ಕಾಯಿಲೆಗೆ ಸೇರಬೇಕು. ಈಗ 60 ದಾಟಿರುವುದು ನೀನು ದಪ್ಪಗಾದದ್ದಲ್ಲ, ನಿನ್ನ ತೂಕ ನಿನಗೆ ವಾಪಸ್ ಬಂದದ್ದು. ಹಾಗಾಗಿ 58.5ರ ಆಸೆ ಇವತ್ತೇ ಬಿಡು. ಅದರ ಮೇಲಿನ ವಿಭಾಗ 64 ಕೆಜಿ. ಗೀ, ಅಂದರೆ ಆಟದ ದಪ್ಪ ಅಂಗಿ-ಪ್ಯಾಂಟು, ಹಾಕಿಕೊಂಡೇ ತೂಗುವ ಲೆಕ್ಕ ಅದು. ಗೀಗೆ ಒಂದೂವರೆ ಕೆಜಿ ಹಿಡಿದರೂ ನೀನು ಆರಾಮಾಗಿ ಒಳಗೆ ಬರುತ್ತೀಯ. ಉಳಿದವರು ತೂಕ ಇಳಿಸಲು ನೀರು ಬಿಡುತ್ತಾರೆ, ಊಟ ಬಿಡುತ್ತಾರೆ. ನಮ್ಮಂಥವರಿಗೆ ಆ ದಾರಿ ಮುಚ್ಚಿದೆ. ಊಟ ಬಿಟ್ಟೆ ಅಂತ ಇನ್ಸುಲಿನ್ ತುಂಬಾ ಕಡಿಮೆ ಮಾಡಿ, ಮೇಲೆ ಮೈಯಲ್ಲಿ ನೀರೂ ಇಲ್ಲದಿದ್ದರೆ ರಕ್ತದಲ್ಲಿ ಕೀಟೋನ್, ಅಂದರೆ ಕೊಬ್ಬು ಸುಟ್ಟಾಗ ಹುಟ್ಟುವ ಆಮ್ಲ, ಏರುತ್ತದೆ. ಅದು ನೇರ ಐಸಿಯು ದಾರಿ.

ನಾನು ಕ್ಯಾಶ್ ಕೌಂಟರಿನಲ್ಲಿ ಕೂರುವ ಬ್ಯಾಂಕ್ ನೌಕರಳು. 37ನೇ ವಯಸ್ಸಿನಲ್ಲಿ ನನಗಿದು ಬಂತು, ಈಗ 44. ಬಂದ ಹೊಸದರಲ್ಲಿ ನನ್ನ ತಮ್ಮ ಸಮಾಧಾನಕ್ಕೆ ಅಂತ ವಾಸಿಂ ಅಕ್ರಂ ಕಥೆ ಹೇಳಿದ. ಅಕ್ರಂಗೆ 1997ರಲ್ಲಿ ಡಯಾಬಿಟಿಸ್ ಅಂತ ಗೊತ್ತಾಯಿತು, 1999ರ ವಿಶ್ವಕಪ್ ಫೈನಲ್‌ಗೆ ಅವನೇ ಕ್ಯಾಪ್ಟನ್. ಸರಿ ಕಣೋ, ಅವನ ಹಿಂದೆ ಒಂದು ತಂಡವೇ ಇತ್ತು, ನನ್ನ ಹಿಂದೆ ಯಾರಿದ್ದಾರೆ ಅಂದಿದ್ದೆ. ಯಾರೂ ಇರಲಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ. ನಿನ್ನ ಹಾಗೇ.

ಕಾಯಿಲೆ ಬಂದ ಮೇಲಿನ ನನ್ನ ಮೊದಲ ಟೂರ್ನಮೆಂಟ್ ಒಂದು ಬ್ಯಾಡ್ಮಿಂಟನ್ ಹಾಲಿನಲ್ಲಿ ನಡೆಯಿತು. ನನ್ನ ಪಂದ್ಯ 10 ಗಂಟೆಗೆ ಅಂತ ಹಾಕಿದ್ದರು. ಎಂಟಕ್ಕೆ ಎರಡು ಇಡ್ಲಿ ತಿಂದು, ಅದಕ್ಕೆ ತಕ್ಕ ಇನ್ಸುಲಿನ್ ತೆಗೆದುಕೊಂಡು ಹೋದೆ. ಹತ್ತಾಯಿತು, ಹನ್ನೊಂದಾಯಿತು. ಮಕ್ಕಳ ವಿಭಾಗವೇ ಮುಗಿದಿಲ್ಲ. ಕರೆದುಬಿಟ್ಟರೆ ಅಂತ ಏನೂ ತಿನ್ನದೆ ಕೂತೆ. ಹನ್ನೆರಡೂಕಾಲಿಗೆ ಹೆಸರು ಕೂಗಿದಾಗ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಕುತ್ತಿಗೆಯೆಲ್ಲ ತಣ್ಣನೆಯ ಬೆವರು. ಟೆನ್ಷನ್ ಅಂದುಕೊಂಡೆ. ಮ್ಯಾಟ್‌ಗೆ ಇಳಿದ ಮೇಲೆ ಎದುರಾಳಿಯ ಕಾಲರ್ ಹಿಡಿದರೆ ಬೆರಳು ಮುಚ್ಚುತ್ತಿಲ್ಲ. ಸ್ಕೋರ್ ಬೋರ್ಡಿನ ಅಂಕಿ ಕಾಣುತ್ತಿದೆ, ಎಷ್ಟು ಅಂತ ತಿಳಿಯುತ್ತಿಲ್ಲ. ರೆಫರಿ ಏನೋ ಕೇಳಿದರು, ತಲೆ ಆಡಿಸಿದೆ. ಎರಡು ನಿಮಿಷದೊಳಗೆ ಚೋಕ್, ಅಂದರೆ ಕತ್ತು ಬಿಗಿಯುವ ಪಟ್ಟು, ಬಿತ್ತು. ಟ್ಯಾಪ್ ಮಾಡಿದ್ದು, ಅಂದರೆ ಸೋತೆ ಅಂತ ಕೈ ತಟ್ಟಿದ್ದು, ನೆನಪಿಲ್ಲ. ಆಮೇಲೆ ಚುಚ್ಚಿ ನೋಡಿದರೆ ಶುಗರ್ 48. ಪಕ್ಕದ ತಂಡದ ಒಬ್ಬ ಹುಡುಗ ತನ್ನ ಮಾವಿನ ಜ್ಯೂಸ್ ಕೊಟ್ಟ. ಅವನ ಮುಖ ಇವತ್ತಿಗೂ ನೆನಪಿದೆ, ಹೆಸರು ಕೇಳುವಷ್ಟು ಜ್ಞಾನ ಆಗ ಇರಲಿಲ್ಲ.

ಇದರಲ್ಲಿ ನೀನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ವಿಷಯ ಒಂದೇ. ಶುಗರ್ ಲೋ ಆದಾಗಿನ ನಡುಕ, ಪಂದ್ಯಕ್ಕೆ ಮುಂಚಿನ ನಡುಕ, ಎರಡೂ ಒಂದೇ ಥರ. ಬೆವರೂ ಒಂದೇ, ಎದೆಬಡಿತವೂ ಒಂದೇ. ಎರಡರಲ್ಲೂ ಕೆಲಸ ಮಾಡುವುದು ಅಡ್ರಿನಲಿನ್ ಅಲ್ವಾ? ಹಾಗಾಗಿ 'ನನಗೆ ಗೊತ್ತಾಗುತ್ತೆ' ಅನ್ನುವ ಮಾತು ಟೂರ್ನಮೆಂಟ್ ದಿನ ಸುಳ್ಳು. ಚುಚ್ಚಿ ನೋಡಲೇಬೇಕು.

ಚುಚ್ಚುವುದರಲ್ಲೂ ಒಂದು ಮೋಸ ಇದೆ, ಕೇಳು. ಮಾರನೇ ವರ್ಷ ಮತ್ತೆ ಹೋದೆ, ಈ ಸಲ ಗೆಳತಿ ಜೊತೆಗಿದ್ದಳು. ಹೆಸರು ಕೂಗುವ ಇಪ್ಪತ್ತು ನಿಮಿಷ ಮೊದಲು ಮೀಟರ್ 326 ತೋರಿಸಿತು. ಗಾಬರಿಯಾಗಿ ಇನ್ಸುಲಿನ್ ಪೆನ್ ತೆಗೆದು 4 ಯೂನಿಟ್‌ಗೆ ತಿರುಗಿಸಿದೆ. ಹೊಟ್ಟೆ ಮೇಲಿನ ಬಟ್ಟೆಯನ್ನೂ ಸರಿಸಿದ್ದೆ. 'ಈಗ ತಾನೆ ಕಡಲೆಮಿಠಾಯಿ ತಿಂದೆಯಲ್ಲೇ, ಕೈ ತೊಳೆದೆಯಾ?' ಅಂದಳು. ತೊಳೆದಿರಲಿಲ್ಲ. ಬಾಟಲಿ ನೀರು ಸುರಿದುಕೊಂಡು, ಒರೆಸಿ, ಬೇರೆ ಬೆರಳು ಚುಚ್ಚಿದೆ. 142. ಬೆರಳಿಗೆ ಅಂಟಿದ್ದ ಬೆಲ್ಲವನ್ನು ಮೀಟರ್ ಪಾಪ ಲೆಕ್ಕಕ್ಕೆ ಹಿಡಿದಿತ್ತು. ಆ 4 ಯೂನಿಟ್ ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ಇಷ್ಟವಿಲ್ಲ. ಅವತ್ತು ಒಂದು ಪಂದ್ಯ ಗೆದ್ದೆ, ಒಂದು ಸೋತೆ.

ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೆ ಚುಚ್ಚುವ ಗೋಳು ಕಮ್ಮಿ, ನಿಜ. ಆದರೆ ನಮ್ಮ ಆಟದಲ್ಲಿ ತೋಳೇ ಎಲ್ಲರೂ ಎಳೆಯುವ ಜಾಗ. ನನ್ನದು ಎರಡು ಸಲ ಕಿತ್ತು ಬಂದಿದೆ, ಒಂದೊಂದಕ್ಕೂ ಸಾವಿರಗಟ್ಟಲೆ ದುಡ್ಡು. ಅದೂ ಅಲ್ಲದೆ ಸೆನ್ಸರ್ ನೋಡುವುದು ಚರ್ಮದ ಕೆಳಗಿನ ದ್ರವವನ್ನು, ರಕ್ತವನ್ನಲ್ಲ. ಶುಗರ್ ಬೇಗ ಬೇಗ ಏರಿಳಿಯುವಾಗ ಅದು ಕೆಲವು ನಿಮಿಷ ಹಿಂದೆ ಇರುತ್ತದೆ. ಪಂದ್ಯ ಇರುವುದೇ ಐದಾರು ನಿಮಿಷ.

ಈಗ ಅಂಕಿಗಳು. ಇವು ಡಾಕ್ಟರುಗಳು ಸಾಮಾನ್ಯವಾಗಿ ಹೇಳುವವು, ನಿನ್ನ ಡಾಕ್ಟರ್ ಬದಲಾಯಿಸಿದರೆ ಅವರದ್ದೇ ಕೊನೆಯ ಮಾತು. ರೋಲ್ ಮಾಡಲು, ಅಂದರೆ ಅಭ್ಯಾಸದ ಪಂದ್ಯ ಆಡಲು, ಇಳಿಯುವಾಗ 126ರಿಂದ 180ರ ಒಳಗೆ ಇದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ ಮೊದಲು ತಿನ್ನು, ಮೇಲೆ ಬಂದಮೇಲೆ ಇಳಿ. 270 ದಾಟಿದ್ದರೆ ಕೀಟೋನ್ ನೋಡು, ಇದ್ದರೆ ಅವತ್ತು ಆಟ ಇಲ್ಲ. ಹಿಂದಿನ 24 ಗಂಟೆಯಲ್ಲಿ ಬೇರೆಯವರು ಬಂದು ಎಬ್ಬಿಸುವಷ್ಟು ಲೋ ಆಗಿದ್ದರೂ ಆಟ ಇಲ್ಲ. ಲೋ ಆದರೆ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿಗೆ ಹಾಕಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡು. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ.

ಒಂದು ವಿಚಿತ್ರವನ್ನು ನೀನೇ ಕಾಣುತ್ತೀಯ. ನಿಧಾನವಾಗಿ ಡ್ರಿಲ್ ಮಾಡಿದ ದಿನ ಶುಗರ್ ಇಳಿಯುತ್ತದೆ. ಜೀವ ಬಿಟ್ಟು ರೌಂಡ್ ಆಡಿದ ದಿನ ಏರುತ್ತದೆ. ಟೂರ್ನಮೆಂಟ್ ದಿನ ಇನ್ನೂ ಜಾಸ್ತಿ ಏರಬಹುದು. ಪಂದ್ಯ ಮುಗಿದು 250 ಕಂಡ ಕೂಡಲೇ ಪೂರ್ತಿ ಡೋಸ್ ಚುಚ್ಚಿಕೊಂಡರೆ ಸಂಜೆಗೆ ಬಿದ್ದುಹೋಗುತ್ತೀಯ. ಅದು ತಾನಾಗಿ ಇಳಿಯುವುದೂ ಉಂಟು. ಆಮೇಲೆ ರಾತ್ರಿ. ಬೆಳಗ್ಗೆ ಆಡಿದ ಆಟ ನಡುರಾತ್ರಿ ಬಂದು ಕದ ತಟ್ಟುತ್ತದೆ. ಖಾಲಿಯಾದ ಮಾಂಸಖಂಡ ರಾತ್ರಿಯೆಲ್ಲ ಸಕ್ಕರೆ ಎಳೆದುಕೊಳ್ಳುತ್ತಿರುತ್ತದೆ. ನಾನು ಈಗಲೂ ಟೂರ್ನಮೆಂಟ್ ರಾತ್ರಿ ಎರಡು ಗಂಟೆಗೆ ಅಲಾರಂ ಇಡುತ್ತೇನೆ. ನೀನು ಪಿಜಿಯಲ್ಲಿ ಇದ್ದರೆ ರೂಮ್‌ಮೇಟ್‌ಗೂ ಹೇಳಿ ಮಲಗು. ಇನ್ಸುಲಿನ್ ಶುರುವಾದ ಮೊದಲ ಕೆಲವು ತಿಂಗಳು ಇನ್ನೊಂದು ತರಲೆ ಇರುತ್ತದೆ. ಉಳಿದಿರುವ ಅಷ್ಟಿಷ್ಟು ಜೀವಕೋಶ ಮತ್ತೆ ಸ್ವಲ್ಪ ಕೆಲಸ ಶುರು ಮಾಡಬಹುದು. ಹೋದ ವಾರ ಸರಿಹೋದ ಡೋಸ್ ಈ ವಾರ ಜಾಸ್ತಿ ಅನ್ನಿಸುತ್ತದೆ. ಅದನ್ನು ಕಾಯಿಲೆ ವಾಸಿಯಾಯಿತು ಅಂತ ತಿಳಿಯಬೇಡ. ಅಮ್ಮ ಹಾಗಲಕಾಯಿ ಗೆದ್ದಿತು ಅನ್ನುತ್ತಾರೆ, ಆಗಲೂ ಬೇಡ.

ಕೋಚ್ ವಿಷಯ. ಅವರು ಬೇಡ ಅನ್ನಬಹುದು ಅನ್ನುವ ಭಯ ಇದೆ, ಸರಿ. ಆದರೆ ನೀನು ಮಾತು ತೊದಲಿದರೆ ಅವರು ಸುಸ್ತು ಅಂದುಕೊಳ್ಳುತ್ತಾರೆ, ನೀರು ಕೊಡುತ್ತಾರೆ. ನಿನಗೆ ಬೇಕಾಗಿರುವುದು ಸಕ್ಕರೆ. ಹೇಳುವಾಗ ಅಳುಮುಖ ಮಾಡಿಕೊಂಡು ಹೇಳಬೇಡ. ನಿನ್ನ ಬ್ಯಾಗ್ ತೆಗೆದು ತೋರಿಸು. ಮೀಟರ್ ಈ ಜೇಬಿನಲ್ಲಿ, ಗ್ಲೂಕೋಸ್ ಪುಡಿ ಈ ಜೇಬಿನಲ್ಲಿ. ತೊದಲಿದರೆ ಇದನ್ನು ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಇಷ್ಟು ಹೇಳಲು ನನಗೆ ನಾಲ್ಕು ನಿಮಿಷ ಸಾಕಾಯಿತು. ನಮ್ಮ ಕೋಚ್ ಕೇಳಿದ್ದು ಒಂದೇ ಪ್ರಶ್ನೆ: 'ಈ ಎರಡು ವರ್ಷ ಯಾಕೆ ಹೇಳಲಿಲ್ಲ?' ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ಆಡಬಹುದಾ? 64ಕ್ಕೆ ಹೆಸರು ಕೊಡು. ಇವತ್ತಿನಿಂದ ಒಂದು ನೋಟ್‌ಬುಕ್ ಇಡು. ಪ್ರತಿ ಕ್ಲಾಸಿಗೆ ಮುಂಚೆ, ನಡುವೆ, ಮುಗಿದ ಮೇಲೆ, ಮಲಗುವ ಮುಂಚೆ ಎಷ್ಟಿತ್ತು, ಏನು ತಿಂದೆ, ಎಷ್ಟು ಯೂನಿಟ್ ಅಂತ ಬರಿ. ಒಂದೆರಡು ಕ್ಲಾಸನ್ನು ಟೂರ್ನಮೆಂಟ್ ಥರವೇ ಮಾಡು. ಬೆಳಗ್ಗೆ ತಿಂಡಿ ತಿಂದು, ಯಾವಾಗ ಕರೆಯುತ್ತಾರೋ ಗೊತ್ತಿಲ್ಲದೆ ಎರಡು ಮೂರು ಗಂಟೆ ಕಾದು, ಆಮೇಲೆ ಒಂದೇ ಏಟಿಗೆ ಜೋರು ರೌಂಡ್. ಐದನೇ ವಾರ ನೋಟ್‌ಬುಕ್ ತೆಗೆದುಕೊಂಡು ಡಾಕ್ಟರ್ ಎದುರು ಕೂರು. ಕಣ್ಣನ್ನೂ ಒಂದು ಸಲ ತೋರಿಸಿಬಿಡು. ಅವರು ಹೂಂ ಅಂದರೆ ಆಡು. ಉಹೂಂ ಅಂದರೆ ಎಂಟ್ರಿ ಫೀಸ್ ಹೋಯಿತು ಅಂತ ಬಿಟ್ಟು, ಟೈಮ್‌ಕೀಪರ್ ಮೇಜಿನ ಹತ್ತಿರ ಕೂತು ಪಂದ್ಯ ನೋಡು. ಅಮ್ಮನನ್ನು ಎರಡಕ್ಕೂ ಕರೆಸಿಕೊ. ಬರುವಾಗ ಕೋಡುಬಳೆ ತರಬೇಡಿ, ಸಕ್ಕರೆ ಡಬ್ಬಿ ತನ್ನಿ ಅಂತ ಹೇಳು.

ಪ್ರಶ್ನೆ: ಮಗನಿಗೆ 14 ವರ್ಷ. ಕುತ್ತಿಗೆ ಮತ್ತು ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದಿದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚಿದರೆ ನಾಲ್ಕು ದಿನ ಕಡಿಮೆಯಾಗಿ ಮತ್ತೆ ಬರುತ್ತದೆ. ಇನ್ನು ಹತ್ತು ದಿನಕ್ಕೆ ಅವನ ಟೂರ್ನಮೆಂಟ್. ಬ್ಯಾಂಡೇಜ್ ಸುತ್ತಿ ಆಡಿಸಬಹುದೇ ಮೇಡಂ?
– ಓದುಗರು, ದಾವಣಗೆರೆ

ಉತ್ತರ: ಬೇಡ ಸರ್. ಗರಡಿ ಊರಿನವರು ನೀವು, ಮೈಗೆ ಮೈ ತಾಗುವ ಆಟದಲ್ಲಿ ಒಬ್ಬರ ಚರ್ಮದ್ದು ಎಲ್ಲರ ಚರ್ಮಕ್ಕೆ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಚರ್ಮದ ಸೋಂಕು ಕಂಡರೆ ರೆಫರಿ ವಾಪಸ್ ಕಳಿಸಬಹುದು, ಕಳಿಸಲೇಬೇಕು. ನಾಲ್ಕು ದಿನ ಇಳಿದು ಮತ್ತೆ ಏಳುತ್ತಿದೆ ಅಂದರೆ ಆ ಕ್ರೀಮ್‌ನಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಜಾಸ್ತಿ. ಅದು ತುರಿಕೆಯನ್ನು ಮಲಗಿಸುತ್ತದೆ, ಫಂಗಸ್‌ಗೆ ಇನ್ನಷ್ಟು ಜಾಗ ಮಾಡಿಕೊಡುತ್ತದೆ. ಟ್ಯೂಬ್ ಸಮೇತ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಇದು ಹತ್ತು ದಿನದ ಕೆಲಸ ಅಲ್ಲ, ವಾರಗಟ್ಟಲೆ ಹಿಡಿಯುತ್ತದೆ. ಕಲೆ ಹೋಯಿತು ಅಂತ ನಡುವೆ ನಿಲ್ಲಿಸಬೇಡಿ. ಗೀ ಒಂದು ಕ್ಲಾಸಿಗೆ ಒಂದು ಸಲ ಒಗೆದು ಬಿಸಿಲಿಗೆ ಹಾಕಿ. ಬೆಲ್ಟನ್ನೂ ಒಗೆಯಿರಿ. ಬೆಲ್ಟ್ ಒಗೆದರೆ ವಿದ್ಯೆ ಹೋಗುತ್ತದೆ ಅಂತ ಹುಡುಗರು ಹೇಳುತ್ತಾರೆ, ಹೋಗುವುದು ವಾಸನೆ ಮಾತ್ರ.

ಪ್ರಶ್ನೆ: ಅಕ್ಕ, ನಾನು ಮೈಸೂರಿನವನು, 21 ವರ್ಷ. ಹತ್ತು ದಿನದ ಹಿಂದೆ ಆರ್ಮ್‌ಬಾರ್ ಅನ್ನುವ, ಮೊಣಕೈಯನ್ನು ಹಿಂದಕ್ಕೆ ಬಾಗಿಸುವ ಪಟ್ಟಿನಲ್ಲಿ ಮೊಣಕೈ ಟಕ್ ಅಂತು. ಊತ ಇಳಿದಿದೆ, ಪೂರ್ತಿ ನೆಟ್ಟಗಾಗಲ್ಲ ಅಷ್ಟೆ. ಬರುವ ಭಾನುವಾರ ಟೂರ್ನಮೆಂಟ್. ಬ್ರೆಜಿಲ್‌ನ ಜಿಯು-ಜಿತ್ಸು ಆಟಗಾರ ಜಕರೆ ಕೈ ಮುರಿದುಕೊಂಡೇ ವಿಶ್ವ ಚಾಂಪಿಯನ್ ಆಗಲಿಲ್ವಾ? ಈ ಆಟದ ಹಿರಿಯ ಗುರು ಹೆಲಿಯೊ ಗ್ರೇಸಿ ಟ್ಯಾಪ್ ಮಾಡಿದನಾ?

ಉತ್ತರ: ತಮ್ಮಾ, ಕಥೆ ಪೂರ್ತಿ ಓದಬೇಕು. 2004ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ರೋಜರ್ ಗ್ರೇಸಿ ಆರ್ಮ್‌ಬಾರ್ ಹಾಕಿದಾಗ ಜಕರೆ ಪಾಯಿಂಟ್‌ನಲ್ಲಿ ಮುಂದಿದ್ದ. ಕೈ ಹೋಯಿತು, ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಉಳಿದ ಸಮಯ ತಪ್ಪಿಸಿಕೊಂಡು ಓಡಾಡಿ ಗೆದ್ದ. ಅವನ ಕೈ ಮುರಿದದ್ದು ಪಂದ್ಯದ ನಡುವೆ. ಮುರಿದ ಕೈ ಹಿಡಿದುಕೊಂಡು ಅವನು ಹೆಸರು ನೋಂದಾಯಿಸಲು ಹೋಗಲಿಲ್ಲ. ಹೆಲಿಯೊ 1951ರಲ್ಲಿ ರಿಯೊದ ಮರಕಾನಾ ಸ್ಟೇಡಿಯಂನಲ್ಲಿ ಜಪಾನಿನ ಜೂಡೊ ಪಟು ಕಿಮುರಾ ತೋಳು ತಿರುಚುವ ಪಟ್ಟು ಹಾಕಿದಾಗ ಟ್ಯಾಪ್ ಮಾಡಲಿಲ್ಲ, ನಿಜ. ಕೈ ಮುರಿಯಿತು, ಅಣ್ಣ ಕಾರ್ಲೋಸ್ ಪಂದ್ಯ ನಿಲ್ಲಿಸಿದ. ಸೋತವರು ಆ ಪಟ್ಟಿಗೆ ಗೆದ್ದವನ ಹೆಸರೇ ಇಟ್ಟರು, ಕಿಮುರಾ ಅಂತ. ನಾವು ವಾರಕ್ಕೆ ನಾಲ್ಕು ಸಲ ಅದಕ್ಕೇ ಟ್ಯಾಪ್ ಮಾಡುತ್ತೇವೆ.

ನಿಮ್ಮೂರಲ್ಲೇ ನೋಡು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿ ಕಾಳಗ ನಡೆಯುತ್ತದಲ್ಲ, ವಜ್ರಮುಷ್ಟಿ ಹಿಡಿದು ಹೊಡೆದಾಡುವ ಗಂಡಸರು. ತಲೆಯಿಂದ ಮೊದಲ ಹನಿ ರಕ್ತ ಕಂಡರೆ ಮುಗಿಯಿತು, ಬಿಡಿಸುತ್ತಾರೆ. ನಮ್ಮ ತಾತ ಗರಡಿಯವರು, ಪ್ರತಿ ವರ್ಷ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಇಷ್ಟು ಬೇಗ ಮುಗಿದುಹೋಯಿತಾ ಅಂತ ನಾನು ಅಳುತ್ತಿದ್ದೆ.

ಹತ್ತು ದಿನವಾದರೂ ಕೈ ನೆಟ್ಟಗಾಗುತ್ತಿಲ್ಲ ಅಂದರೆ ಒಳಗೆ ಲಿಗಮೆಂಟೋ ಮೂಳೆಯೋ ಏನೋ ಆಗಿದೆ. ಎಕ್ಸ್‌ರೇ ತೆಗೆಸಿದೆಯಾ? ಇಷ್ಟುದ್ದ ಪತ್ರದಲ್ಲಿ ಅದೊಂದನ್ನು ನೀನು ಬರೆದಿಲ್ಲ.